ಟವಲು ತಲೆ ಮೇಲೆ ಬಂದರೆ ಜಾಸ್ತಿ ಮಾಡು

ನನಗೆ ಈಗ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಮಂಡಿ ಸವೆದ ಕಾಲು, ಮೆಟ್ಟಿಲು ಹತ್ತಿದರೆ ಕಟಕಟ ಅನ್ನುತ್ತದೆ, ಆದರೂ ಕುಣಿಯುತ್ತೇನೆ ಅನ್ನುತ್ತಿದೆ. ಯಾಕೆ ಎಂದು ಕೊನೆಗೆ ಹೇಳುತ್ತೇನೆ. ಹಾಲು ಉಕ್ಕಿ ಬಂದಾಗ ಸೌಟಿನಲ್ಲಿ ತಿರುವಿ ತಿರುವಿ ತಣಿಸಬೇಕು, ಒಂದೇ ಸಲ ಚೆಲ್ಲಬಾರದು ಅನ್ನುತ್ತಿದ್ದಳು ನಮ್ಮವ್ವ.

ನನ್ನ ಹೆಸರು ತಾಯಮ್ಮ. ಕನಕಪುರದಲ್ಲಿ ನಮ್ಮದೊಂದು ಸೌಂಡ್ ಸಿಸ್ಟಂ ಅಂಗಡಿ. ಈಗ ಅಲ್ಲಿಗೆ ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರು ಟೀ ಕುಡಿಯುತ್ತ, "ಅಜ್ಜಿ, ನೀವು ಹೆಂಗೆ ಕಲ್ತ್ರಿ?" ಎಂದು ಕೇಳುತ್ತಾರೆ. ನಾನು ಹೇಳಲು ಶುರು ಮಾಡಿದರೆ ಟೀ ಆರುತ್ತದೆ, ಗಿರಾಕಿ ಬರುತ್ತಾನೆ, ಕಥೆ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು, ಅದರಲ್ಲೂ ಅರ್ಧ ದಿನ ಕುರಿ ಹಿಂದೆ. ಒತ್ತು ದೀರ್ಘಗಳನ್ನು ಮೊಮ್ಮಗಳು ಸಿಂಚನ ತಿದ್ದಿದ್ದಾಳೆ. ಅವಳ ಬಗ್ಗೆ ಬರೆದ ಕಡೆ ಮಾತ್ರ ಕೈ ಹಾಕಬಾರದು ಎಂದು ಆಣೆ ಹಾಕಿಸಿಕೊಂಡಿದ್ದೇನೆ.

ಹೋದ ಮೂರ್ನಾಲ್ಕು ವರ್ಷದಿಂದ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಯೋಚನೆ. ಮಿಕ್ಸರ್ ಮುಂದಿನ ನನ್ನ ಕುರ್ಚಿಯಲ್ಲಿ ನನ್ನ ನಂತರ ಯಾರು ಕೂರುವುದು? ಯಾರೂ ಕೂರದಿದ್ದರೆ ಅಂಗಡಿಯ ಬಾಗಿಲು ಹಾಕುವುದೇ. ರಾಮನಗರದ ಸೌಂಡಿನವನೊಬ್ಬ ಅದಕ್ಕೆ ಕಾಯುತ್ತಲೇ ಇದ್ದ. ಎದುರಿಗೆ ಸಿಕ್ಕಾಗಲೆಲ್ಲ, "ತಾಯಮ್ಮಾರೆ, ಮಂಡಿ ಹೆಂಗಿದೆ?" ಎಂದು ನನ್ನ ಆರೋಗ್ಯ ವಿಚಾರಿಸುತ್ತಿದ್ದ.

ನಾನು ಹುಟ್ಟಿದ್ದು ಉಯ್ಯಂಬಳ್ಳಿ ಕಡೆ, ಕುರಿ ಸಾಕುವ ಮನೆಯಲ್ಲಿ. ಒಂದೊಂದು ಕುರಿಯ ಕೊರಳಿಗೆ ಒಂದೊಂದು ಗಂಟೆ. ಹುಣಸೆ ಮರದಡಿ ಕಣ್ಣು ಮುಚ್ಚಿ ಮಲಗಿದ್ದರೂ, ಯಾವ ಗಂಟೆ ಕೇಳುತ್ತಿಲ್ಲ, ಯಾವ ಕುರಿ ಪಕ್ಕದ ಹೊಲದ ಅವರೆಗೆ ಬಾಯಿ ಹಾಕಿದೆ ಎಂದು ತಿಳಿಯುತ್ತಿತ್ತು. ಮಿಕ್ಸಿಂಗ್ ಎಂದು ನೀವು ಈಗ ಯಾವುದನ್ನು ಕರೆಯುತ್ತೀರೋ ಅದನ್ನು ನಾನು ಕಲಿತದ್ದು ಅಲ್ಲಿ. ಹತ್ತು ದನಿಯ ನಡುವೆ ಒಂದು ದನಿ ಇಲ್ಲದ್ದನ್ನು ಕೇಳಿಸಿಕೊಳ್ಳುವುದೇ ಕೆಲಸ, ಉಳಿದದ್ದು ತಂತಿ.

ಕನಕಪುರಕ್ಕೆ ಸೊಸೆಯಾಗಿ ಬಂದೆ. ನಮ್ಮ ಯಜಮಾನರು ಶಿವಲಿಂಗಣ್ಣನವರದು ಮೈಕ್ ಸೆಟ್ ಕೆಲಸ. ಮದುವೆ, ಗೃಹಪ್ರವೇಶ, ಭಾಷಣ, ಯಾವುದಾದರೂ ಸರಿ. ಅವರು ಮರ ಹತ್ತಿ ಕಹಳೆಯಂಥ ಸ್ಪೀಕರ್ ಕಟ್ಟುತ್ತಿದ್ದರು. ಕೆಳಗೆ ಆಂಪ್ಲಿಫೈಯರ್ ಕಾಯಲು ಯಾರಾದರೂ ಬೇಕಿತ್ತು. ಕೂಲಿಗೆ ಇಟ್ಟುಕೊಂಡಿದ್ದವನು ಊಟದ ಪಂಕ್ತಿ ಕಂಡ ಕೂಡಲೇ ಮಾಯವಾಗುತ್ತಿದ್ದ. "ನೀನೇ ಬಂದು ಕೂತ್ಕಳೆ, ನೀನಾದ್ರೆ ಎಲ್ಲೂ ಓಡೋಗಾಕಿಲ್ಲ," ಎಂದರು. ನನ್ನ ನೇಮಕಾತಿ ಇಷ್ಟೇ.

ನಮ್ಮಿಬ್ಬರಿಗೂ ಗುರು ಚನ್ನಪಟ್ಟಣದ ಬಾಷಾ ಸಾಬರು. ತೆಳ್ಳಗೆ ಊದುಬತ್ತಿಯ ಹಾಗಿದ್ದರು, ಕೋಪವೂ ಹಾಗೇ, ಹೊಗೆಯಾಡುತ್ತಲೇ ಇರುತ್ತಿತ್ತು. ಮೊದಲನೇ ದಿನ ಹೆಮ್ಮೆಯಿಂದ ನಾನು ಮುಂದಿನ ಸಾಲಿನಲ್ಲಿ ಕೂತ ದೊಡ್ಡ ಮನುಷ್ಯರ ಕಡೆ ನೋಡಿ, "ಚೆನ್ನಾಗಿ ಕೇಳುಸ್ತೈತಾ ಬುದ್ದಿ?" ಎಂದು ಕೇಳಿದೆ.

ಸಾಬರು ನನ್ನನ್ನು ಪಕ್ಕಕ್ಕೆ ಕರೆದು ಬೈದರು. "ಯೇ ಬೇಟಿ, ಮುಂದ್ಗಡೆ ಕೂತಿರೋನು ಹಾರ ಹಾಕುಸ್ಕಳಕ್ಕೆ ಬಂದವ್ನೆ, ಕೇಳಕ್ಕಲ್ಲ. ಆ ಕಡೇ ಸಾಲ್ನಾಗೆ ಒಬ್ಳು ಮುದ್ಕಿ ಕೂತವ್ಳೆ ನೋಡು. ಮೂರು ಮೈಲಿ ನಡ್ಕಂಡು ಬಂದವ್ಳೆ. ಆವಮ್ಮಂಗೆ ಕೇಳುಸ್ತಾ ಕೇಳು. ಆವಮ್ಮಂಗೆ ಕೇಳುಸ್ತು ಅಂದ್ರೆ ಎಲ್ಲಾರ್ಗೂ ಕೇಳ್ದಂಗೆ!"

ನಮ್ಮ ಅಂಗಡಿಗೆ ಇದೇ ಶಾಸನ. ಮೈಕ್ ಹಾಕಿದ ಮೇಲೆ ಯಜಮಾನರು ಕೊನೆಯ ಸಾಲಿಗೆ ಹೋಗಿ, ಅಲ್ಲಿ ಇದ್ದುದರಲ್ಲೇ ಮುದುಕಿಯೊಬ್ಬಳನ್ನು ಹುಡುಕಿ ಪಕ್ಕದಲ್ಲಿ ಕೂರುತ್ತಿದ್ದರು. ನಾನು ಮುಂದೆ ಯಂತ್ರದ ಬಳಿ. ಅಷ್ಟು ದೂರ ಕೂಗಿದರೆ ಕೇಳುವುದಿಲ್ಲವಲ್ಲ, ಅದಕ್ಕೆ ಒಂದು ಗುರುತು ಮಾಡಿಕೊಂಡೆವು. ಅವರ ಕೆಂಪು ಟವಲು ಹೆಗಲ ಮೇಲಿದ್ದರೆ ಸರಿಯಾಗಿದೆ. ತಲೆ ಮೇಲೆ ಬಂದರೆ ಜಾಸ್ತಿ ಮಾಡು. ತೊಡೆ ಮೇಲೆ ಬಂದರೆ ಇಳಿಸು. ಸಂಸಾರ ಮಾಡಿದ ಅಷ್ಟು ವರ್ಷದಲ್ಲಿ ನಾವು ಜಗಳವಿಲ್ಲದೆ ಮಾತಾಡಿದ್ದು ಆ ಟವಲಿನಲ್ಲೇ.

ಜಗಳವೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಮಾಗಡಿಯ ಮೈದಾನದಲ್ಲಿ ಒಂದು ರೈತರ ಸಭೆ. ಶಾಮಿಯಾನ ಅರ್ಧಕ್ಕೇ ಸಾಕಾಗಿತ್ತು, ಹಿಂದಿನವರೆಲ್ಲ ಬಿಸಿಲಲ್ಲಿ. ಭಾಷಣ ಶುರುವಾಯಿತು. ನೋಡಿದರೆ ನಮ್ಮವರ ಟವಲು ತಲೆ ಮೇಲೆ. ಜಾಸ್ತಿ ಮಾಡಿದೆ. ಟವಲು ಇಳಿಯಲಿಲ್ಲ. ಇನ್ನೊಂದು ಚೂರು ಮಾಡಿದೆ. ಇಳಿಯಲಿಲ್ಲ. ಯಾಕೋ ಇವತ್ತು ಯಾವ ಮುದುಕಿಗೂ ಕೇಳುತ್ತಿಲ್ಲವಲ್ಲ ಎಂದು ಇನ್ನೂ ತಿರುಗಿಸಿದೆ. ಸ್ಪೀಕರು ಕುಯ್ಯೋ ಎಂದು ಕಿರುಚಿಕೊಂಡಿತು, ಗದ್ದೆ ಬದುವಿನ ಕೊಕ್ಕರೆಗಳೆಲ್ಲ ಎದ್ದು ಹಾರಿದವು. ಭಾಷಣ ಮಾಡುತ್ತಿದ್ದವರು ಮೈಕಿನಿಂದ ಮಾರುದೂರ ಸರಿದು ನಿಂತರು. ಯಜಮಾನರು ಓಡಿ ಬಂದರು.

"ಏನೇ ನಿಂಗೆ ಬಂದಿರೋದು? ಯಾಕಿಂಗೆ ಏರುಸ್ತಾ ಇದ್ದೀಯೆ?"

"ಟವಲು ತಲೆ ಮ್ಯಾಲೈತಲ್ಲ!"

"ಬಿಸ್ಲು ಕಣೆ! ಬಿಸ್ಲಿಗೆ ಹಾಕ್ಕಂಡಿವ್ನಿ! ಹಿಂದುಕ್ಕೆ ತಿರುಗಿ ನೋಡು, ಊರೋರೆಲ್ಲ ಹಾಕ್ಕಂಡವ್ರೆ!"

ನೋಡಿದೆ. ಮೈದಾನದ ತುಂಬಾ ಟವಲು. ಎಲ್ಲರೂ ಸೇರಿ ಜಾಸ್ತಿ ಮಾಡು ಜಾಸ್ತಿ ಮಾಡು ಅನ್ನುತ್ತಿರುವ ಹಾಗೇ ಕಂಡಿತು ನನಗೆ. ಆಮೇಲೆ ಬಿಸಿಲಿನ ಕಾರ್ಯಕ್ರಮಕ್ಕೆ ನಮ್ಮವರು ಛತ್ರಿ ಒಯ್ಯತೊಡಗಿದರು. ಟವಲಿನ ಭಾಷೆ ಬದಲಾಗಲಿಲ್ಲ.

ಇಷ್ಟು ಹಳೆಯ ಕಾಲ. ಆಮೇಲೆ ನಮ್ಮ ಅಂಗಡಿಗೆ ಡಿಜಿಟಲ್ ಮಿಕ್ಸರ್ ಬಂತು. ತಿಳಿಯದವರಿಗೆ ಹೇಳುತ್ತೇನೆ. ವೇದಿಕೆಯ ಮೇಲಿರುವ ಮೈಕುಗಳ ದನಿಯೆಲ್ಲ ಬಂದು ಸೇರುವ ಮೇಜು ಅದು. ಯಾವ ದನಿ ಏರಬೇಕು, ಯಾವುದು ಇಳಿಯಬೇಕು ಎಂದು ಬೆರಳಿನಲ್ಲಿ ನೂಕುವ ಕಡ್ಡಿಗಳು ಸಾಲಾಗಿರುತ್ತವೆ. ಅವಕ್ಕೆ ಫೇಡರ್ ಅನ್ನುತ್ತಾರೆ. ಹಳೆಯ ಮಿಕ್ಸರಿನಲ್ಲಿ ಒಂದು ಮೈಕಿಗೆ ಒಂದು ಫೇಡರ್, ಸಾಯುವ ತನಕ ಅದು ಅದೇ. ಹೊಸದರಲ್ಲಿ ಹಾಗಲ್ಲ. ಒಂದು ಬಟನ್ ಒತ್ತಿದರೆ ಅದೇ ಕಡ್ಡಿ ಬೇರೆಯವರದಾಗುತ್ತದೆ. ಪುಟ ಅನ್ನಿ. ಈ ಪುಟದಲ್ಲಿ ಮೊದಲನೇ ಕಡ್ಡಿ ಭಾಷಣಕಾರರದು, ಪುಟ ತಿರುಗಿಸಿದರೆ ಅದೇ ಕಡ್ಡಿ ತಬಲದವನದು. ಕನಕಪುರ ಬಸ್ಸಿನ ಸೀಟಿದ್ದ ಹಾಗೆ. ಹಾರೋಹಳ್ಳಿವರೆಗೆ ಒಬ್ಬರು ಕೂತಿರುತ್ತಾರೆ, ಆಮೇಲೆ ಇನ್ನೊಬ್ಬರು. ಸೀಟು ಮಾತ್ರ ಅದೇ.

ಅದು ಮನೆಗೆ ಬಂದ ದಿನ ಪೂಜೆ ಮಾಡಿ, ಆಮೇಲೆ ಎಷ್ಟೋ ದಿನ ದೂರದಿಂದಲೇ ನೋಡಿದೆ. ಅದರ ಮೇಲೆ ಎಲ್ಲವೂ ಇಂಗ್ಲಿಷ್. ಕಡ್ಡಿಗಳು ತಾವಾಗೇ ಸರ್ರನೆ ಮೇಲೆ ಕೆಳಗೆ ಓಡುತ್ತಿದ್ದವು, ಮೈಮೇಲೆ ಬಂದ ಹಾಗೆ. ನನ್ನ ಭಯ ಬಿಡಿಸಿದವಳು ಸಿಂಚನ, ನನ್ನ ಮಗ ಮಾದೇವನ ಮಗಳು. ಆಗಿನ್ನೂ ಹೈಸ್ಕೂಲು. ಆ ಯಂತ್ರದಲ್ಲಿ ಪ್ರತಿ ಕಡ್ಡಿಯ ತಲೆಯ ಮೇಲೆ ಸಣ್ಣ ಪರದೆ ಇದೆ, ಅದಕ್ಕೆ ಬಣ್ಣ ಕೊಡಬಹುದು, ಚಿತ್ರ ಹಾಕಬಹುದು ಎಂದು ಹುಡುಕಿದವಳು ಅವಳೇ. ಭಾಷಣಕ್ಕೆ ಕೆಂಪು, ಹಾಡಿಗೆ ಹಸಿರು, ತಾಳಕ್ಕೆ ಹಳದಿ. "ಅಜ್ಜಿ, ಇದು ಹಸೆಮಣೆ ರಂಗೋಲಿ ಅನ್ಕೊ, ಓದ್ಬೇಡ, ನೋಡು," ಎಂದಳು. ನೋಡಿದೆ. ಬಂತು.

ಬಂತು ಅಂದುಕೊಂಡ ಮೇಲೆಯೇ ಎಡವಟ್ಟುಗಳು ಶುರುವಾಗುವುದು, ನೆನಪಿಡಿ.

ರಾಮನಗರದಲ್ಲಿ ಒಂದು ಸಮಾರಂಭ. ನಿರೂಪಣೆ ಮಾಡುವ ಹುಡುಗಿಯ ಸೀರೆಗೆ ಸಣ್ಣ ಮೈಕ್ ಸಿಕ್ಕಿಸಿದ್ದೆವು. ಅವಳು ಮಾತು ಮುಗಿಸಿ, ಮೈಕ್ ಬಿಚ್ಚದೆ ಊಟಕ್ಕೆ ಹೋದಳು. ಇತ್ತ ಮುಖ್ಯ ಅತಿಥಿಗಳು ಎದ್ದರು. ನಾನು ಮೊದಲನೇ ಕಡ್ಡಿಯನ್ನು ಗಂಭೀರವಾಗಿ ಏರಿಸಿದೆ. ಪುಟ ತಿರುಗಿಸಿರಲಿಲ್ಲ. ಅತಿಥಿಗಳು ಕೈ ಎತ್ತಿ ಬಾಯಿ ತೆರೆದರು. ಸಭೆಗೆ ಕೇಳಿದ್ದು, "ಅಣ್ಣಾ, ಈ ಕಡೀಕೆ ಇನ್ನೊಂದು ಸೌಟು ಸಾರು ಹಾಕಣ್ಣ, ಮುದ್ದೆ ಒಣಗ್ಕಂಡೈತೆ!"

ಅತಿಥಿಗಳ ಕೈ ಮೇಲೇ ಉಳಿಯಿತು. ಪುಣ್ಯಾತ್ಮರು, ಕೋಪ ಮಾಡಿಕೊಳ್ಳಲಿಲ್ಲ. ನಾನು ಪುಟ ತಿರುಗಿಸಿದ ಮೇಲೆ, "ನಾನು ಹೇಳ್ಬೇಕು ಅಂತಿದ್ದುದೂ ಅದೇ. ಊಟ ಮಾಡೋಣ ನಡೀರಿ," ಎಂದು ಕೂತುಬಿಟ್ಟರು. ಆ ಊರಿನಲ್ಲಿ ಅಷ್ಟು ಜೋರು ಚಪ್ಪಾಳೆ ಯಾವ ಭಾಷಣಕ್ಕೂ ಬಿದ್ದಿಲ್ಲ.

ಇನ್ನೊಂದು, ಈ ಯಂತ್ರ ಏನನ್ನೂ ಮರೆಯುವುದಿಲ್ಲ. ಒಂದು ಕಾರ್ಯಕ್ರಮಕ್ಕೆ ಮಾಡಿಟ್ಟ ಏರಿಳಿತವನ್ನೆಲ್ಲ ಹಾಗೇ ಉಳಿಸಿಕೊಂಡು, ಬೇಕೆಂದಾಗ ಒಂದೇ ಬಟನ್ನಿಗೆ ವಾಪಸ್ ಕೊಡುತ್ತದೆ. ಬೇಡವೆಂದಾಗಲೂ ಕೊಡುತ್ತದೆ. ಹಿಂದಿನ ದಿನ ಪೌರಾಣಿಕ ನಾಟಕಕ್ಕೆ ಹೋಗಿದ್ದೆವು. ರಾಕ್ಷಸನ ನಗುವಿಗೆ ಬೆಟ್ಟ ಗುಹೆಯೆಲ್ಲ ನಡುಗುವಂಥ ಪ್ರತಿಧ್ವನಿ ಕೂರಿಸಿದ್ದೆ. ಮಾರನೇ ದಿನ ಒಂದು ನಾಮಕರಣ. ತೊಟ್ಟಿಲ ಬಳಿ ಸೋದರತ್ತೆ ಬಗ್ಗಿ ಮಗುವಿನ ಕಿವಿಯಲ್ಲಿ ಮೆಲ್ಲಗೆ ಹೆಸರು ಉಸುರಿದಳು. "ಮನ್ವಿತ್." ಸ್ಪೀಕರಿನಲ್ಲಿ ರಾಕ್ಷಸ ಗುಡುಗಿದ. ವಿತ್... ವಿತ್... ವಿತ್... ತೊಟ್ಟಿಲ ಸುತ್ತ ನಿಂತಿದ್ದ ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದರು. ಮಗು ಮಾತ್ರ ಬೊಚ್ಚು ಬಾಯಿ ಬಿಟ್ಟು ನಕ್ಕಿತು. ಅದರ ಅಜ್ಜ, "ಇನ್ನೊಂದ್ಸಲ ಅನ್ನಿ, ಮಗೀಗೆ ಒಪ್ತು!" ಎಂದು ಮತ್ತೆ ಹೇಳಿಸಿದರು. ಈಗ ಆ ಹುಡುಗ ಅಂಗನವಾಡಿಗೆ ಹೋಗುತ್ತಾನೆ. ಹೆಸರು ಕೇಳಿದರೆ ಮೂರು ಸಲ ಹೇಳುತ್ತಾನಂತೆ.

ನಮ್ಮ ಯಜಮಾನರು ಹೋದ ಮೇಲೆ ಕೊನೆಯ ಸಾಲಿನಲ್ಲಿ ಟವಲು ಇಲ್ಲವಾಯಿತು. ಮಾದೇವನನ್ನು ಕೂರಿಸಿ ನೋಡಿದೆ. ಒಳ್ಳೆಯವನು, ಸ್ಪೀಕರ್ ಹೊರುತ್ತಾನೆ, ಜನರೇಟರ್ ರಿಪೇರಿ ಮಾಡುತ್ತಾನೆ, ಆದರೆ ಅವನ ಕಿವಿಗೆ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ. "ಹೆಂಗಿತ್ಲಾ?" ಅಂದರೆ "ಸೂಪರ್ ಕಣವ್ವ." ಸ್ಪೀಕರ್ ಕೆಟ್ಟು ನಿಂತ ದಿನವೂ ಸೂಪರ್ರೇ. ಅದಕ್ಕೆ ನಾನು ನನ್ನ ಕಿವಿಯನ್ನೇ ನಂಬಿಕೊಂಡೆ. ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಏಳಬೇಕಾಗುತ್ತದೆ ಎಂದು ನೀರೂ ಕುಡಿಯುತ್ತಿರಲಿಲ್ಲ. ಕುರಿ ಬಿಟ್ಟು ನೆರಳಿಗೆ ಹೋದ ಕುರುಬನೂ ಕುರ್ಚಿ ಬಿಟ್ಟು ಎದ್ದ ಆಪರೇಟರೂ ಒಂದೇ ಎಂದು ಎಲ್ಲರಿಗೂ ಪಾಠ ಹೇಳುತ್ತಿದ್ದೆ.

ಆಮೇಲೆ ಕಿವಿಯೇ ಕೈಕೊಟ್ಟಿತು. ಒಂದು ಶಾಲೆಯ ಹಬ್ಬ. ಪುಟ್ಟ ಹುಡುಗಿ ಹಾಡುತ್ತಿದ್ದಾಳೆ, ಎಷ್ಟು ಹಿತವಾಗಿದೆ ಎಂದು ತಲೆದೂಗುತ್ತ ಕೂತಿದ್ದೇನೆ. ನೋಡಿದರೆ ಸಭೆಗೆ ಸಭೆಯೇ ಕಿವಿ ಮುಚ್ಚಿಕೊಂಡಿದೆ. ಹೆಡ್ಮೇಷ್ಟ್ರೂ ಮುಚ್ಚಿಕೊಂಡಿದ್ದಾರೆ. ಸಿಂಚನ ಎಲ್ಲಿಂದಲೋ ಓಡಿ ಬಂದು ಕಡ್ಡಿಯೊಂದನ್ನು ಇಳಿಸಿದಳು.

"ಅಜ್ಜಿ, ಆಗ್ಲಿಂದ ಕುಯ್ಗುಡ್ತಾ ಐತೆ, ಕೇಳುಸ್ಲಿಲ್ವಾ?"

"ಯಾವ್ದೇ?"

ತೆಳ್ಳನೆಯ ಕೀಚಲು ದನಿಗಳು ನನ್ನ ಕಿವಿಯಿಂದ ಒಂದೊಂದಾಗಿ ಹೊರಟುಹೋಗಿದ್ದವು. ಸಣ್ಣ ಗಂಟೆಯ ಕುರಿಗಳೆಲ್ಲ ಮಂದೆ ಬಿಟ್ಟಿದ್ದವು, ಕಾಯುವವಳಿಗೇ ತಿಳಿದಿರಲಿಲ್ಲ.

ಹೀಗೆ ಕುರ್ಚಿಯ ಯೋಚನೆ ಬಂತು. ಸಿಂಚನಳ ಕಿವಿ ಬಲು ಚುರುಕು. ಡಿಗ್ರಿ ಮುಗಿಸಿ, ಈ ಕೆಲಸವನ್ನೇ ಮಾಡುತ್ತೇನೆ ಎಂದು ಹಟ ಹಿಡಿದಿದ್ದಳು. ನನಗಿದ್ದ ತಕರಾರು ಒಂದೇ. ಆ ಹುಡುಗಿ ಕೂತ ಕಡೆ ಕೂರುವುದಿಲ್ಲ. ಕುರ್ಚಿಯಲ್ಲಿ ಕೂರಿಸಿದರೆ ಒಂದು ಹಾಡು ಮುಗಿಯುವುದರಲ್ಲಿ ಎದ್ದು ಎಲ್ಲೋ ಹೋಗಿರುತ್ತಾಳೆ.

"ಕುಂಡಿಗೆ ಮುಳ್ಳು ಕಟ್ಕಂಡಿದ್ದೀಯೇನೆ? ಕೂತ್ಕಳಾಕಾಗ್ದಿದ್ರೆ ಈ ಕೆಲ್ಸ ಬುಟ್ಬುಡು. ಅಂಗ್ಡಿನ ರಾಮನಗರದೋನಿಗೆ ಕೊಟ್ಬುಡ್ತೀನಿ."

"ಒಂದೇ ಒಂದು ಕಾರ್ಯಕ್ರಮ ನಂಗೊಬ್ಳಿಗೇ ಬುಡಜ್ಜಿ. ಸರಿ ಬರ್ನಿಲ್ಲ ಅಂದ್ರೆ ನೀನೇ ಬೀಗ ಹಾಕು, ನಾನೇ ಕೀ ತಂದ್ಕೊಡ್ತೀನಿ."

ಮಾದೇವ ನಡುವೆ ಬಂದು, "ಸೂಪರ್ ಐಡಿಯಾ," ಎಂದ. ಒಪ್ಪಿಕೊಂಡೆ.

ಹೋದ ವಾರ ಚನ್ನಪಟ್ಟಣದಲ್ಲಿ ಮಹಿಳಾ ಸಂಘದವರ ವಾರ್ಷಿಕ ಹಬ್ಬ. ಉಯ್ಯಂಬಳ್ಳಿ ಕಡೆಯಿಂದ ಸೋಬಾನೆ ಹಾಡುವ ಹೆಂಗಸರು ಬರುವವರಿದ್ದರು. ಸೋಬಾನೆಗೆ ಮೈಕ್ ಹಾಕುವುದು ಬಲು ಕಷ್ಟ, ತಿಳಿದಿರಲಿ. ಅವರು ಸಭೆ ನೋಡಿ ಹಾಡುವವರಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಾಯಿಗೆ ಸೆರಗು ಅಡ್ಡ ಹಿಡಿದು ಹಾಡುತ್ತಾರೆ. ಮುಂದೆ ಮೈಕ್ ನಿಲ್ಲಿಸಿದಿರೋ, ನಾಚಿಕೊಂಡು ಬಾಯಿ ಕಟ್ಟುತ್ತದೆ. ನಾನು ಎಲೆ ಅಡಿಕೆ ತಟ್ಟೆಯಲ್ಲಿ ವೀಳ್ಯದೆಲೆ ಮರೆಗೆ ಮೈಕ್ ಇಟ್ಟು ನಡುವೆ ಇರಿಸುತ್ತಿದ್ದೆ. ಈ ಉಪಾಯವನ್ನೂ ಸಿಂಚನಳಿಗೆ ಹೇಳಿಕೊಡಲಿಲ್ಲ. ಪರೀಕ್ಷೆ ಅಂದರೆ ಪರೀಕ್ಷೆ.

ನಾನು ಬೇಕೆಂದೇ ತಡಮಾಡಿ ಹೊರಟೆ. ದಾರಿಯಲ್ಲಿ ಕೆಂಗಲ್ ಆಂಜನೇಯನಿಗೆ ಕೈ ಮುಗಿದು, ಅವಳಿಗೆ ಕೂರುವ ಬುದ್ಧಿ ಕೊಡಪ್ಪ ಎಂದು ಬೇಡಿಕೊಂಡೆ. ಸಭಾಂಗಣ ತುಂಬಿತ್ತು. ಬಾಗಿಲಲ್ಲಿ ನಿಂತು ಮೊದಲು ನೋಡಿದ್ದು ಮಿಕ್ಸರ್ ಕಡೆ.

ಕುರ್ಚಿ ಖಾಲಿ.

ವೇದಿಕೆಯ ಮೇಲೆ ಹೆಂಗಸರು ಆಗಲೇ ಹಾಡಲು ಕೂತಿದ್ದಾರೆ. ನಡುವೆ ಕಳಶದ ಹತ್ತಿರ ಒಂದು ಹೂವಿನ ಬುಟ್ಟಿ. ಸಂಘದ ಅಧ್ಯಕ್ಷೆ ಮಾದೇವನ ತೋಳು ಹಿಡಿದು, "ಆಪರೇಟ್ರು ಎಲ್ರೀ? ಯಾರೂ ಇಲ್ವಲ್ರೀ ಅಲ್ಲಿ!" ಎಂದು ಜಗ್ಗುತ್ತಿದ್ದಾರೆ. ಅವನು ಹಲ್ಲು ಕಿರಿಯುತ್ತಿದ್ದಾನೆ. ಇನ್ನು ನಾನೇ ಹೋಗಿ ಕೂರಬೇಕು, ನಾಳೆ ರಾಮನಗರದವನಿಗೆ ಹೇಳಿಕಳಿಸಬೇಕು ಎಂದುಕೊಂಡು ಸೆರಗು ಸೊಂಟಕ್ಕೆ ಸಿಗಿಸಿ ನಾಲ್ಕು ಹೆಜ್ಜೆ ಮುಂದೆ ಇಟ್ಟೆ. ಅಷ್ಟರಲ್ಲಿ ಹಾಡು ಶುರುವಾಯಿತು.

ದನಿ ಬಂತು. ಕೀಚಲಿಲ್ಲ, ಗುಂಯ್ ಅನ್ನಲಿಲ್ಲ, ಪಕ್ಕದ ಮನೆಯ ಜಗಲಿಯಲ್ಲಿ ಕೂತು ಹಾಡುತ್ತಿದ್ದಾರೆ ಅನ್ನುವ ಹಾಗೆ ಬಂತು. ಹೂವಿನ ಬುಟ್ಟಿಯಲ್ಲಿ ಮೈಕ್ ಇದೆ ಎಂದು ಆಗ ಹೊಳೆಯಿತು. ನಡುವೆ ಒಬ್ಬಳ ದನಿ ಕ್ಷೀಣವಾಯಿತು, ತಕ್ಷಣ ಮೆಲ್ಲಗೆ ಮೇಲೆ ಬಂತು. ನಾನು ಮಿಕ್ಸರ್ ನೋಡಿದೆ. ಕುರ್ಚಿ ಖಾಲಿ, ಕಡ್ಡಿ ಮಾತ್ರ ತಾನಾಗೇ ಮೇಲೆ ಹೋಗುತ್ತಿದೆ!

ಹಿಂದಿನಿಂದ ಗುಟ್ಟಾಗಿ ಒಂದು ಮಾತು ಕೇಳಿಸಿತು. "ಕೇಳುಸ್ತೈತಾ ಅಜ್ಜಿ?"

ತಿರುಗಿದೆ. ಕೊನೆಯ ಸಾಲು. ಊರುಗೋಲು ಹಿಡಿದ, ಹಲ್ಲಿಲ್ಲದ ಮುದುಕಿಯೊಬ್ಬಳು ಕೂತಿದ್ದಾಳೆ. ಅವಳ ಪಕ್ಕದಲ್ಲಿ ನನ್ನ ಮೊಮ್ಮಗಳು. ಅವಳ ತೊಡೆಯ ಮೇಲೆ ಸ್ಲೇಟಿನಷ್ಟು ಅಗಲದ ಟ್ಯಾಬು. ಅದರ ತುಂಬಾ ನನ್ನವೇ ಬಣ್ಣಗಳು, ಕೆಂಪು, ಹಸಿರು, ಹಳದಿ. ಇಡೀ ಮಿಕ್ಸರನ್ನು ತಂತಿಯಿಲ್ಲದೆ ಕೈಯಲ್ಲಿ ಹಿಡಿದುಕೊಂಡು ಹಿಂದಿನ ಸಾಲಿಗೆ ಬಂದು ಕೂತುಬಿಟ್ಟಿದ್ದಾಳೆ!

"ಒಸಿ ಕಮ್ಮಿ ಐತೆ ಕಣವ್ವ," ಎಂದಳು ಮುದುಕಿ. ಸಿಂಚನ ಬೆರಳು ಸರಿಸಿದಳು. "ಈಗ?" "ಹ್ಞೂಂ, ಈಗ ಸರೋಯ್ತು. ನಮ್ಮತ್ತೆ ಹಾಡ್ತಿದ್ದಂಗೇ ಐತೆ."

ಹೋಗಿ ಸಿಂಚನಳ ಇನ್ನೊಂದು ಪಕ್ಕದಲ್ಲಿ ಕೂತೆ. ಇವಳು ಕುರ್ಚಿ ಬಿಟ್ಟು ಏಳುತ್ತಿದ್ದುದು ಎಲ್ಲಿಗೆ ಎಂದು ಅಲ್ಲಿಯವರೆಗೆ ಒಂದು ದಿನವೂ ನಾನು ನೋಡಿರಲಿಲ್ಲ. ಕುರ್ಚಿಯಲ್ಲಿ ಕೂತವಳಿಗೆ ಬೆನ್ನ ಹಿಂದೆ ಕಣ್ಣಿರುತ್ತದೆಯೇ?

"ಬಯ್ಯಲ್ವಾ ಅಜ್ಜಿ?" ಎಂದಳು, ಪರದೆಯಿಂದ ಕಣ್ಣು ಕೀಳದೆ.

"ಮನೆಗ್ ಬಾ, ಐತೆ ನಿಂಗೆ."

ಅಷ್ಟು ಹೇಳುವುದರಲ್ಲಿ ಕಣ್ಣು ತುಂಬಿ ಬಂತು. ನಾಲ್ಕು ಜನರ ನಡುವೆ ಅಳುವುದು ಹೇಗೆ? ಸೊಂಟದ ಸೆರಗು ಬಿಚ್ಚಿ, ತಲೆ ಮೇಲೆ ಎಳೆದುಕೊಂಡು ಮುಖ ಮರೆ ಮಾಡಿಕೊಂಡೆ.

ಹಾಡು ಜೋರಾಯಿತು.

ಸೆರಗಿನ ಸಂದಿಯಿಂದ ನೋಡಿದೆ. ಸಿಂಚನ ನನ್ನ ತಲೆಯನ್ನೇ ನೋಡುತ್ತ ಬೆರಳನ್ನು ಮೇಲೆ ಮೇಲೆ ನೂಕುತ್ತಿದ್ದಳು.

"ಯಾಕೆ ಏರುಸ್ತಾ ಇದ್ದೀಯೆ?"

"ತಲೆ ಮೇಲೆ ಬಂದೈತಲ್ಲಜ್ಜಿ! ತಾತಂದು ಟವಲು, ನಿಂದು ಸೆರಗು. ಇಳುಸ್ಲಾ?"

ಆ ಪಕ್ಕದ ಮುದುಕಿ ಬಗ್ಗಿ ನನ್ನ ಮುಖ ನೋಡಿದಳು. ಏನು ತಿಳಿಯಿತೋ, ಅವಳೂ ತನ್ನ ಸೆರಗನ್ನು ತಲೆ ಮೇಲೆ ಹಾಕಿಕೊಂಡಳು.

"ಇರ್ಲಿ ಬುಡವ್ವ," ಎಂದೆ. "ಇನ್ನೊಂದ್ ಚೂರು ಏರ್ಸು."